ಎರಡು ಮದ್ದು ಕೂಡಿದರೆ ಗುಣ ದುಪ್ಪಟ್ಟೇ?

ಈ ಬಾರಿಯ ವಿಷಯವನ್ನು ಆರಿಸಿದವರು ನಾವಲ್ಲ. ಆಳಂದ ತಾಲ್ಲೂಕಿನ ಸರಸಂಬಾದಿಂದ ಬಂದ ಒಂದು ಪತ್ರ ಆರಿಸಿತು. ಬರೆದಾಕೆ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ನೋಟ್ ಪುಸ್ತಕದಿಂದ ಹರಿದ ಹಾಳೆ, ಎರಡೂ ಮಗ್ಗುಲಲ್ಲಿ ಒತ್ತೊತ್ತಾಗಿ ಬರೆದ ಅಕ್ಷರ. ಅವಳ ಕಾಕಾಗೆ ಮೂತ್ರಪಿಂಡದ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಅದು ಶ್ವಾಸಕೋಶಕ್ಕೂ ಹರಡಿತ್ತು. ಸೊಲ್ಲಾಪುರದಲ್ಲಿ ಸ್ಕ್ಯಾನಿಂಗ್ ಆಯಿತು, ಕಲಬುರಗಿಯಲ್ಲಿ ವೈದ್ಯರು ಮಾತ್ರೆ ಬರೆದುಕೊಟ್ಟರು. ಅಷ್ಟರಲ್ಲಿ ದೂರದ ಊರಿನ ಒಂದು ಖಾಸಗಿ ಕೇಂದ್ರದ ಕರಪತ್ರ ಯಾರ ಕೈಯಿಂದಲೋ ಮನೆಗೆ ಬಂತು. ರೋಗಿಯ ರಕ್ತದಲ್ಲಿರುವ ರಕ್ಷಕ ಕೋಶಗಳನ್ನೇ ಹೊರತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ದೇಹಕ್ಕೆ ಕೊಡುತ್ತಾರಂತೆ. ಮಾತ್ರೆಯ ಜೊತೆಗೆ ಇದೂ ಕೂಡಿದರೆ ಗುಣ ದುಪ್ಪಟ್ಟಂತೆ. ಖರ್ಚು ಹೆಚ್ಚುಕಡಿಮೆ ಎರಡು ಎಕರೆ ಹೊಲದ ಬೆಲೆ. ಆ ಮನೆಗಿರುವುದು ನಾಲ್ಕು ಎಕರೆ. ಪತ್ರದ ಕೊನೆಯ ಸಾಲುಗಳು ಹೀಗಿದ್ದವು: "ಸರ್, ನಮ್ಮ ಮನ್ಯಾಗ ವಿಜ್ಞಾನ ಓದಾಕಿ ನಾ ಒಬ್ಬಾಕಿನೇ. ಹೊಲ ಮಾರಬೇಕೋ ಬ್ಯಾಡೋ ಅಂತ ಎಲ್ಲಾರೂ ನನ್ನೇ ಕೇಳ್ತಾರ. ಏನಂತ ಹೇಳಲಿ?"

ಸ್ಟುಡಿಯೋದಲ್ಲಿ ವೈದ್ಯರನ್ನು ಕೂರಿಸಿ ಈ ವಿಷಯವನ್ನು ಮಾತಾಡಿಸಿದೆವು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ರಕ್ಷಕ ಕೋಶ ಎಂದರೇನು ಎಂಬುದಕ್ಕೇ ಹೋಯಿತು. ಹುಡುಗಿಯ ಪ್ರಶ್ನೆಯ ಹತ್ತಿರ ಬರುವಷ್ಟರಲ್ಲಿ ಫ್ಲೋರ್ ಮ್ಯಾನೇಜರ್ ಕೈ ಎತ್ತಿ ಮುಗಿಸುವ ಸನ್ನೆ ಮಾಡುತ್ತಿದ್ದ. ಅಂದು ಹೇಳದೆ ಉಳಿದದ್ದನ್ನು ಈ ಪುಟಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ನಾನು ವೈದ್ಯನಲ್ಲ, ಬಿ.ಎಸ್‌ಸಿ. ಓದಿ ಕ್ಯಾಮೆರಾದ ಹಿಂದೆ ಬಂದು ನಿಂತವನು. ಯಾರಿಗೆ ಯಾವ ಔಷಧಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಔಷಧಿಯ ಬಗ್ಗೆ ಯಾರಾದರೂ ದೊಡ್ಡ ಮಾತಾಡಿದಾಗ ಅದನ್ನು ತೂಗಿ ನೋಡುವುದು ಹೇಗೆಂದು ನೀವೂ ನಾನೂ ಕಲಿಯಬಹುದು. ಅದಕ್ಕೆ ಪಿಯುಸಿ ವಿಜ್ಞಾನ ಸಾಕು.

ಮೊದಲು ಮೂತ್ರಪಿಂಡದ ವಿಚಾರ. ಬೆನ್ನುಮೂಳೆಯ ಎರಡು ಬದಿಗೆ, ಒಂದೊಂದೂ ಮುಷ್ಟಿಯಷ್ಟು ಗಾತ್ರದ ಈ ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತವೆ ಎಂದು ನೀವು ಓದಿದ್ದೀರಿ. ಹಾಗೆ ಹಿಂದಿರುಗಿಸುವ ಸಣ್ಣ ನಾಳಗಳ ಒಳಗೋಡೆಯ ಕೋಶಗಳಲ್ಲೇ ಈ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು. ಅಂಗ ದೇಹದ ಆಳದಲ್ಲಿರುವುದರಿಂದ ಗಡ್ಡೆ ಬೆಳೆದರೂ ಬಹುಕಾಲ ಗೊತ್ತಾಗುವುದಿಲ್ಲ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಂಟು ಇವು ತಡವಾಗಿ ಬರುವ ಲಕ್ಷಣಗಳು. ಎಷ್ಟೋ ಸಲ ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಇದು ಕಣ್ಣಿಗೆ ಬೀಳುತ್ತದೆ. ಗಡ್ಡೆ ಮೂತ್ರಪಿಂಡದೊಳಗೇ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಶ್ವಾಸಕೋಶಕ್ಕೋ ಮೂಳೆಗೋ ಹರಡಿದ ಮೇಲೆ ಕಥೆ ಬೇರೆ. ಕೂದಲು ಉದುರಿಸುವಂಥ ಮಾಮೂಲಿ ಕೀಮೋಥೆರಪಿ ಈ ಕ್ಯಾನ್ಸರಿನ ಮೇಲೆ ಬಹುಮಟ್ಟಿಗೆ ಕೆಲಸ ಮಾಡುವುದೇ ಇಲ್ಲ.

ಆದರೂ ಈ ರೋಗದಲ್ಲಿ ಒಂದು ವಿಚಿತ್ರವಿದೆ. ತೀರಾ ಅಪರೂಪಕ್ಕೆ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ರೋಗಿಗಳಲ್ಲಿ, ಕ್ಯಾನ್ಸರ್ ಇದ್ದ ಮೂತ್ರಪಿಂಡವನ್ನು ತೆಗೆದ ಮೇಲೆ ಶ್ವಾಸಕೋಶದಲ್ಲಿದ್ದ ಗಂಟುಗಳು ತಾವಾಗಿಯೇ ಕರಗಿದ್ದುಂಟು. ಔಷಧಿಯಿಲ್ಲದೆ ಅವನ್ನು ಕರಗಿಸಿದ್ದು ಯಾರು? ದೇಹದ ರೋಗರಕ್ಷಣಾ ವ್ಯವಸ್ಥೆಯೇ ಇರಬೇಕು ಎಂದು ವಿಜ್ಞಾನಿಗಳು ಊಹಿಸಿದರು. ಗಡ್ಡೆಯನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ರಕ್ತಕಣಗಳು, ಅದರಲ್ಲೂ ಟಿ ಕೋಶಗಳು, ಒಳಗೆ ನುಗ್ಗಿ ಕೂತಿರುವುದು ಕಾಣುತ್ತಿತ್ತು. ಕಾವಲುಗಾರರು ಸ್ಥಳಕ್ಕೆ ಬಂದಿದ್ದಾರೆ, ಆದರೆ ಕೆಲಸ ಮಾಡುತ್ತಿಲ್ಲ. ಅವರ ಸಂಖ್ಯೆ ಸಾಲದೇನೋ, ಹೆಚ್ಚಿಸಿದರೆ ಹೇಗೆ? ಕರಪತ್ರದ ವಿಚಾರ ಹುಟ್ಟಿದ್ದು ಇಲ್ಲಿಂದ. ಅದು ಇಂದು ನಿನ್ನೆಯದಲ್ಲ, ನಲವತ್ತು ವರ್ಷ ಹಳೆಯದು.

1985ರ ಪ್ರಯೋಗ

1976ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯದಲ್ಲಿ ಟಿ ಕೋಶಗಳನ್ನು ದೇಹದ ಹೊರಗೆ ಬೆಳೆಸಬಲ್ಲ ಒಂದು ವಸ್ತು ಪತ್ತೆಯಾಯಿತು. ಮುಂದೆ ಅದಕ್ಕೆ ಇಂಟರ್‌ಲ್ಯೂಕಿನ್-2 ಎಂದು ಹೆಸರಾಯಿತು. 1983ರಲ್ಲಿ ಜಪಾನಿನ ತದತ್ಸುಗು ತನಿಗುಚಿ ಮತ್ತು ಸಂಗಡಿಗರು ಅದರ ಜೀನನ್ನು ಪ್ರತ್ಯೇಕಿಸಿದರು. ಆಮೇಲೆ ಬ್ಯಾಕ್ಟೀರಿಯಾಗಳಿಂದ ಅದನ್ನು ಬೇಕಾದಷ್ಟು ತಯಾರಿಸುವುದು ಸಾಧ್ಯವಾಯಿತು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಶಸ್ತ್ರವೈದ್ಯ ಸ್ಟೀವನ್ ರೋಸೆನ್‌ಬರ್ಗ್ ಇದನ್ನು ಕೈಗೆತ್ತಿಕೊಂಡರು. ರೋಗಿಯ ರಕ್ತದಿಂದ ಬಿಳಿಕಣಗಳನ್ನು ಯಂತ್ರದ ಮೂಲಕ ಬೇರ್ಪಡಿಸಿ, ಮೂರು ನಾಲ್ಕು ದಿನ ಇಂಟರ್‌ಲ್ಯೂಕಿನ್-2ರಲ್ಲಿ ನೆನೆಸಿಟ್ಟರೆ ಅವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಹುರುಪು ಪಡೆಯುತ್ತವೆ. ಅವನ್ನು ಮರಳಿ ರೋಗಿಯ ರಕ್ತನಾಳಕ್ಕೆ ಕೊಟ್ಟು, ಜೊತೆಗೆ ಇಂಟರ್‌ಲ್ಯೂಕಿನ್-2ನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು ಅವರ ವಿಧಾನ. ಬೇರೆ ಚಿಕಿತ್ಸೆಗಳೆಲ್ಲ ಸೋತು ಕ್ಯಾನ್ಸರ್ ದೇಹವೆಲ್ಲ ಹರಡಿದ್ದ 25 ಜನರಿಗೆ ಹೀಗೆ ಮಾಡಿ, ಫಲಿತಾಂಶವನ್ನು 1985ರ ಕೊನೆಗೆ ಪ್ರಕಟಿಸಿದರು. 11 ಜನರಲ್ಲಿ ಗಡ್ಡೆಗಳು ಕುಗ್ಗಿದ್ದವು. ದೇಹದ ಸ್ವಂತ ಸೈನ್ಯವನ್ನು ಎಬ್ಬಿಸಿ ಹರಡಿದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದು ಎಂದು ಅಷ್ಟು ಸ್ಪಷ್ಟವಾಗಿ ಅದಕ್ಕೆ ಮೊದಲು ಯಾರೂ ತೋರಿಸಿರಲಿಲ್ಲ. ಮೂತ್ರಪಿಂಡದ ಕ್ಯಾನ್ಸರ್ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ಈ ಎರಡು ಇದಕ್ಕೆ ಹೆಚ್ಚು ಬಗ್ಗುತ್ತವೆ ಎಂದು ಮುಂದಿನ ವರ್ಷಗಳಲ್ಲಿ ತಿಳಿಯಿತು.

ಇಲ್ಲಿ ಒಂದು ಕ್ಷಣ ಓದುವುದನ್ನು ನಿಲ್ಲಿಸಿ ಯೋಚಿಸಿ. ಆ ರೋಗಿಗಳಿಗೆ ಕೊಟ್ಟದ್ದು ಎರಡು ವಸ್ತು. ಒಂದು, ಹೊರಗೆ ಬೆಳೆಸಿದ ಕೋಶಗಳು. ಇನ್ನೊಂದು, ಇಂಟರ್‌ಲ್ಯೂಕಿನ್-2. ಎರಡನೆಯದು ದೇಹದ ಒಳಗಿರುವ ಟಿ ಕೋಶಗಳನ್ನೂ ಬೆಳೆಸುತ್ತದೆ. ಹಾಗಾದರೆ ಗಡ್ಡೆ ಕುಗ್ಗಿಸಿದ್ದು ಯಾವುದು?

ಬಿಟ್ಟ ಸಾಲುಗಳು

ನಿಮ್ಮಲ್ಲಿ ಹೊಲದ ಮನೆಯಿಂದ ಬಂದವರಿಗೆ ಇದು ಹೊಸ ಪ್ರಶ್ನೆಯಲ್ಲ. ತೊಗರಿಗೆ ಕಾಯಿಕೊರಕ ಬಿತ್ತು ಎನ್ನಿ. ಅಂಗಡಿಯವನು ಎರಡು ಔಷಧಿ ಕೊಟ್ಟು ಎರಡನ್ನೂ ಕೂಡಿಸಿ ಹೊಡೆಯಿರಿ ಎಂದ. ಹೊಡೆದಿರಿ, ಹುಳು ಸತ್ತಿತು. ಎರಡನೆಯ ಔಷಧಿಯ ದುಡ್ಡು ಸಾರ್ಥಕವಾಯಿತೇ? ಇಡೀ ಹೊಲಕ್ಕೆ ಎರಡನ್ನೂ ಹೊಡೆದಿದ್ದರೆ ಈ ಪ್ರಶ್ನೆಗೆ ಉತ್ತರ ಎಂದಿಗೂ ಸಿಗದು. ಹತ್ತು ಸಾಲಿಗೆ ಒಂದೇ ಔಷಧಿ, ಪಕ್ಕದ ಹತ್ತು ಸಾಲಿಗೆ ಎರಡೂ ಹೊಡೆದಿದ್ದರೆ ಸುಗ್ಗಿಯ ಹೊತ್ತಿಗೆ ಗೊತ್ತಾಗುತ್ತಿತ್ತು. ಆ ಸಾಲುಗಳನ್ನು ಆರಿಸುವಾಗಲೂ ಎಚ್ಚರ ಬೇಕು. ಎರಡೂ ಔಷಧಿಯನ್ನು ಕಪ್ಪು ಎರೆಯ ತಗ್ಗಿನ ಭಾಗಕ್ಕೆ ಹೊಡೆದು, ಒಂದೇ ಔಷಧಿಯನ್ನು ಕಲ್ಲುಭೂಮಿಯ ದಿಬ್ಬಕ್ಕೆ ಬಿಟ್ಟರೆ ಗೆಲ್ಲುವುದು ಮಣ್ಣೇ ಹೊರತು ಮದ್ದಲ್ಲ. ಆದ್ದರಿಂದ ಚೀಟಿ ಎತ್ತಿದಂತೆ ಆರಿಸಬೇಕು.

ರೋಗಿಗಳಲ್ಲೂ ಹೀಗೇ. ಮೇಲ್ನೋಟಕ್ಕೆ ಕ್ರೂರವೆನಿಸಬಹುದು, ಆದರೆ ಬೇರೆ ದಾರಿಯಿಲ್ಲ. ರೋಸೆನ್‌ಬರ್ಗ್ ಸ್ವತಃ ಈ ಪರೀಕ್ಷೆಗೆ ಇಳಿದರು ಎಂಬುದು ನನಗೆ ಅವರ ಮೊದಲ ಯಶಸ್ಸಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ತಾವೇ ಹುಟ್ಟುಹಾಕಿದ ವಿಧಾನವನ್ನು ತಾವೇ ಪಣಕ್ಕಿಟ್ಟರು. 181 ರೋಗಿಗಳು, ಅವರಲ್ಲಿ 97 ಜನರಿಗೆ ಮೂತ್ರಪಿಂಡದ ಕ್ಯಾನ್ಸರ್. ಒಂದು ಗುಂಪಿಗೆ ಇಂಟರ್‌ಲ್ಯೂಕಿನ್-2 ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಬೆಳೆಸಿದ ಕೋಶಗಳು. 1993ರಲ್ಲಿ ಉತ್ತರ ಬಂತು. ಮೂತ್ರಪಿಂಡದ ಕ್ಯಾನ್ಸರ್ ಇದ್ದವರಲ್ಲಿ ಎರಡು ಗುಂಪುಗಳ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟೆಲ್ಲ ಯಂತ್ರ, ಅಷ್ಟೆಲ್ಲ ಖರ್ಚಿನಿಂದ ಬೆಳೆಸಿದ ಕೋಶಗಳು ಈ ರೋಗಿಗಳಿಗೆ ಹೆಚ್ಚಿನದೇನನ್ನೂ ಕೊಟ್ಟಿರಲಿಲ್ಲ.

ರಕ್ತದಲ್ಲಿ ಸಿಗುವುದು ಸಾಮಾನ್ಯ ಕೋಶಗಳು. ಗಡ್ಡೆಯೊಳಗೆ ನುಗ್ಗಿ ಕೂತ ಟಿ ಕೋಶಗಳನ್ನೇ ಹೊರತೆಗೆದು ಬೆಳೆಸಿದರೆ ಅವಕ್ಕೆ ಶತ್ರುವಿನ ಗುರುತು ಚೆನ್ನಾಗಿರುತ್ತದೆ ಎಂದು ಕೆಲವರು ವಾದಿಸಿದರು. ಒಳ್ಳೆಯ ವಾದವೇ. ಅದನ್ನೂ ಪರೀಕ್ಷಿಸಲಾಯಿತು. ಇದು ರಾಬರ್ಟ್ ಫಿಗ್ಲಿನ್ ಅವರ ನೇತೃತ್ವದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ. ಎಲ್ಲರಿಗೂ ರೋಗ ತಗುಲಿದ ಮೂತ್ರಪಿಂಡವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಚೀಟಿ ಎತ್ತಿದಂತೆ 160 ರೋಗಿಗಳನ್ನು ಎರಡು ಗುಂಪು ಮಾಡಿದರು. 81 ಜನರಿಗೆ ತಮ್ಮದೇ ಗಡ್ಡೆಯಿಂದ ಬೆಳೆಸಿದ ಟಿ ಕೋಶ ಮತ್ತು ಇಂಟರ್‌ಲ್ಯೂಕಿನ್-2. ಉಳಿದ 79 ಜನರಿಗೆ ಇಂಟರ್‌ಲ್ಯೂಕಿನ್-2ರ ಜೊತೆ ಕೋಶಗಳ ಹೆಸರಿನ ಹುಸಿ ಮದ್ದು. ಅಂದರೆ ಶಸ್ತ್ರಚಿಕಿತ್ಸೆ, ಔಷಧಿ, ಕೋಶ ಮೂರೂ ಕೂಡಿದ ಚಿಕಿತ್ಸೆಯಿಂದ ಕೋಶ ಒಂದನ್ನೇ ಕಳೆದು ನೋಡಿದರು. ಗಡ್ಡೆ ಕುಗ್ಗಿದ್ದು ಕೋಶ ಪಡೆದ ಗುಂಪಿನಲ್ಲಿ ನೂರಕ್ಕೆ ಸುಮಾರು 10, ಹುಸಿ ಮದ್ದಿನ ಗುಂಪಿನಲ್ಲಿ ಸುಮಾರು 11. ಮುಂದುವರಿಸಿ ಪ್ರಯೋಜನವಿಲ್ಲವೆಂದು ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು.

ಈ ಅಧ್ಯಯನದ ಒಂದು ಅಂಶವನ್ನು ನೀವು ಗಮನಿಸಲೇಬೇಕು. ಕೋಶ ಕೊಡಬೇಕಾಗಿದ್ದ 81 ಜನರಲ್ಲಿ 33 ಜನರಿಗೆ ಅದನ್ನು ಕೊಡಲು ಆಗಲೇ ಇಲ್ಲ. ಅವರ ಕೋಶಗಳು ಪ್ರಯೋಗಾಲಯದಲ್ಲಿ ಸಾಕಷ್ಟು ಬೆಳೆಯಲಿಲ್ಲ. ಹಾಗಿದ್ದರೆ ಅವರನ್ನು ಲೆಕ್ಕದಿಂದ ಬಿಡಬಾರದೇ? ಕಾರ್ಯಕ್ರಮದ ತಯಾರಿಯಲ್ಲಿ ನಾನೂ ವೈದ್ಯರನ್ನು ಹೀಗೇ ಕೇಳಿದೆ. ಬಿಡಬಾರದು. ಏಕೆಂದರೆ ರೋಗಿ ಬಾಗಿಲಿಗೆ ಬಂದ ದಿನ, ಅವನ ಕೋಶ ಬೆಳೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ದುಡ್ಡು ಕಟ್ಟುವುದು ಆ ದಿನ. ಕೋಶ ಬೆಳೆಯುವ ಮೊದಲೇ ರೋಗ ಉಲ್ಬಣಿಸಿದವರನ್ನು, ಬೆಳೆಯದೇ ಹೋದವರನ್ನು ಬದಿಗೆ ಸರಿಸಿ, ಚಿಕಿತ್ಸೆ ಪೂರ್ತಿಗೊಳಿಸಿದ ಗಟ್ಟಿಮುಟ್ಟಾದವರನ್ನಷ್ಟೇ ಎಣಿಸಿದರೆ ಯಾವ ಚಿಕಿತ್ಸೆಯೂ ಅದ್ಭುತವಾಗಿ ಕಾಣುತ್ತದೆ. ಸೋತವರ ಫೋಟೋ ಕರಪತ್ರದಲ್ಲಿ ಇರುವುದಿಲ್ಲ.

ಇಂಟರ್‌ಲ್ಯೂಕಿನ್-2 ಮಾತ್ರ ಉಳಿದುಕೊಂಡಿತು. 1992ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಹರಡಿದ ಮೂತ್ರಪಿಂಡದ ಕ್ಯಾನ್ಸರಿಗೆ ಅದನ್ನು ಮಂಜೂರು ಮಾಡಿತು. ಆಧಾರ, 255 ರೋಗಿಗಳ ಅನುಭವ: ನೂರಕ್ಕೆ ಹದಿನಾಲ್ಕು ಹದಿನೈದು ಜನರಲ್ಲಿ ಗಡ್ಡೆ ಕುಗ್ಗಿತ್ತು, ಐದರಿಂದ ಏಳು ಜನರಲ್ಲಿ ಪೂರ್ತಿ ಮಾಯವಾಗಿತ್ತು. ಆ ಕೆಲವರಲ್ಲಿ ಬಹುಮಂದಿ ವರ್ಷಾನುಗಟ್ಟಲೆ ಆರೋಗ್ಯವಾಗಿ ಬದುಕಿದರು. ಆದರೆ ಆ ಚಿಕಿತ್ಸೆ ತಡೆದುಕೊಳ್ಳುವುದು ಸುಲಭವಲ್ಲ. ರಕ್ತನಾಳಗಳ ಗೋಡೆ ಸಡಿಲವಾಗಿ ನೀರು ಹೊರಗೆ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ತೀವ್ರ ನಿಗಾ ಘಟಕದ ಸೌಲಭ್ಯವಿದ್ದ ಕಡೆಯಷ್ಟೇ ಕೊಡಬಹುದಾಗಿತ್ತು.

ಕಾವಲುಗಾರ ಏಕೆ ಸುಮ್ಮನಿದ್ದ?

ಸಂಖ್ಯೆ ಹೆಚ್ಚಿಸಿದರೂ ಕೆಲಸವಾಗಲಿಲ್ಲವೆಂದರೆ ದೋಷ ಬೇರೆಡೆ ಇರಬೇಕು. ಟಿ ಕೋಶದ ಮೈಮೇಲೆ ಬ್ರೇಕಿನಂಥ ಗ್ರಾಹಕಗಳಿವೆ. ಅವಿಲ್ಲದಿದ್ದರೆ ನಮ್ಮ ರಕ್ಷಕರು ನಮ್ಮ ಅಂಗಗಳನ್ನೇ ತಿಂದುಹಾಕುತ್ತಿದ್ದರು. ಕ್ಯಾನ್ಸರ್ ಕೋಶ ಈ ಬ್ರೇಕನ್ನು ಒತ್ತಿಹಿಡಿಯುವ ಉಪಾಯ ಕಲಿತಿರುತ್ತದೆ. ಹೊರಗೆ ಕೋಟಿಗಟ್ಟಲೆ ಕೋಶ ಬೆಳೆಸಿ ಬಿಟ್ಟರೂ ಗಡ್ಡೆಯ ಹತ್ತಿರ ಹೋದ ಕೂಡಲೇ ಅವಕ್ಕೂ ಬ್ರೇಕ್ ಬೀಳುತ್ತದೆ. ಈ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು ಸಂಗತಿ: ಟಿ ಕೋಶಗಳಲ್ಲೇ ಒಂದು ಜಾತಿ, ಉಳಿದವರನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಕೋಶಗಳು. ಅವುಗಳ ಶೋಧಕ್ಕಾಗಿ ಶಿಮೊನ್ ಸಕಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ದೊರೆಯಿತು. ಈ ನಿಯಂತ್ರಕರಿಗೂ ಇಂಟರ್‌ಲ್ಯೂಕಿನ್-2 ಎಂದರೆ ಬಲು ಇಷ್ಟದ ಆಹಾರ! ಸೈನ್ಯಕ್ಕೆ ಊಟ ಹಾಕಲು ಹೋಗಿ ಅದನ್ನು ತಡೆಯುವವರಿಗೂ ಹಾಕಿದಂತಾಗಿತ್ತು. ಇದೆಲ್ಲ 1985ರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅತ್ತ ಗಡ್ಡೆಯ ಕಡೆಯಿಂದಲೂ ಒಂದು ಗುಟ್ಟು ಬಯಲಾಯಿತು. ಮೂತ್ರಪಿಂಡದ ಕ್ಯಾನ್ಸರಿನ ಅತ್ಯಂತ ಸಾಮಾನ್ಯ ಬಗೆಯಲ್ಲಿ ಮೂರನೆಯ ವರ್ಣತಂತುವಿನಲ್ಲಿರುವ ವಿಎಚ್‌ಎಲ್ ಎಂಬ ಜೀನ್ ಕೆಟ್ಟಿರುತ್ತದೆ. ಅದು ಕೆಟ್ಟರೆ ಕೋಶಕ್ಕೆ ಆಮ್ಲಜನಕ ಸಾಕಷ್ಟಿದ್ದರೂ ಇಲ್ಲವೆಂಬ ಭ್ರಮೆ. ಉಸಿರು ಕಟ್ಟಿದವನಂತೆ ಅದು ಹೊಸ ರಕ್ತನಾಳಗಳಿಗಾಗಿ ಸಂದೇಶದ ಮೇಲೆ ಸಂದೇಶ ಕಳಿಸುತ್ತದೆ, ಗಡ್ಡೆಯ ಸುತ್ತ ನಾಳಗಳ ಕಾಡೇ ಬೆಳೆಯುತ್ತದೆ. ಈ ಸಂದೇಶವನ್ನು ತಡೆಯುವ ಮಾತ್ರೆಗಳು 2005ರ ಕೊನೆಯಿಂದ ಬಂದವು. ಸುನಿಟಿನಿಬ್ ಅಂಥದ್ದು, 2006ರಲ್ಲಿ ಬಂದದ್ದು. ಸರಸಂಬಾದ ಕಾಕಾಗೆ ಕಲಬುರಗಿಯಲ್ಲಿ ಬರೆದುಕೊಟ್ಟ ಮಾತ್ರೆ ಅದೇ. ಈಗ ಭಾರತದಲ್ಲೇ ತಯಾರಾಗುತ್ತದೆ.

ಆಗ ಕೂಡಿಸುವ ವಿಚಾರ ಮತ್ತೆ ಬಂತು, ಈ ಸಲ ಬೇರೆ ರೀತಿಯಲ್ಲಿ. ಟಿ ಕೋಶವನ್ನು ಹೊರಗೆ ತೆಗೆಯುವುದೇ ಬೇಡ. ದೇಹದೊಳಗೇ ಅದರ ಬ್ರೇಕು ಬಿಡಿಸೋಣ, ಜೊತೆಗೆ ಗಡ್ಡೆಯ ರಕ್ತನಾಳಗಳನ್ನು ತಡೆಯೋಣ. ನಾಳ ಬೆಳೆಸುವ ಆ ಸಂದೇಶ ಟಿ ಕೋಶಗಳನ್ನು ಗಡ್ಡೆಯಿಂದ ದೂರವಿಡುವ ಕೆಲಸವನ್ನೂ ಮಾಡುತ್ತದೆ, ಆದ್ದರಿಂದ ಎರಡು ಮದ್ದು ಒಂದಕ್ಕೊಂದು ನೆರವಾಗಬಹುದು ಎಂಬುದು ತರ್ಕ. 861 ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ಬ್ರೇಕು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಮತ್ತು ನಾಳ ತಡೆಯುವ ಆಕ್ಸಿಟಿನಿಬ್ ಎರಡನ್ನೂ ಪಡೆದವರಲ್ಲಿ ಒಂದು ವರ್ಷದ ನಂತರ ನೂರಕ್ಕೆ ಸುಮಾರು 90 ಜನ ಬದುಕಿದ್ದರು. ಸುನಿಟಿನಿಬ್ ಒಂದನ್ನೇ ಪಡೆದವರಲ್ಲಿ ಸುಮಾರು 78. ಅದಕ್ಕೆ ಒಂದು ವರ್ಷ ಮೊದಲು, 1096 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಎರಡು ಬೇರೆ ಬೇರೆ ಬ್ರೇಕುಗಳನ್ನು ಬಿಡಿಸುವ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿ, ರೋಗ ಹೆಚ್ಚು ಅಪಾಯದ ಹಂತದಲ್ಲಿದ್ದವರಲ್ಲಿ ಸುನಿಟಿನಿಬ್ಬನ್ನು ಹಿಂದೆ ಹಾಕಿತ್ತು.

ನಿಜವಾದ ಗೆಲುವುಗಳಿವು. ಆದರೆ ನೀವು ಬಿಟ್ಟ ಸಾಲುಗಳ ಪಾಠ ಕಲಿತವರಾದ್ದರಿಂದ ಇಲ್ಲಿಯೂ ಒಂದು ತಕರಾರು ಎತ್ತಬೇಕು. ಪೆಂಬ್ರೊಲಿಜುಮ್ಯಾಬ್ ಜೋಡಿಯ ಎದುರಿಗೆ ಇದ್ದದ್ದು ಸುನಿಟಿನಿಬ್. ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಪಡೆದ ಗುಂಪು ಇರಲಿಲ್ಲ. ಹೊಸ ಜೋಡಿ ಹಳೆಯ ಮಾತ್ರೆಗಿಂತ ಮೇಲು ಎಂಬುದು ಸಿದ್ಧವಾಯಿತು. ಜೋಡಿಯಲ್ಲಿ ಯಾವುದರ ಪಾಲು ಎಷ್ಟು, ಒಂದರ ನಂತರ ಒಂದನ್ನು ಕೊಟ್ಟರೂ ಆಗುತ್ತಿತ್ತೇ ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಚೀನಾದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೂ ಇದೇ ತಕರಾರು. ಅಲ್ಲಿ ರೋಗಿಯ ರಕ್ತದಿಂದ ಬೆಳೆಸಿದ ಕೊಲೆಗಾರ ಕೋಶಗಳನ್ನು ಪಡೆದ 74 ಜನ, ಇಂಟರ್‌ಲ್ಯೂಕಿನ್-2 ಮತ್ತು ಇಂಟರ್‌ಫೆರಾನ್ ಪಡೆದ 74 ಜನರಿಗಿಂತ ಹೆಚ್ಚು ಕಾಲ ಬದುಕಿದರು. ಕೋಶ ಮಾರುವವರು ಇಂಥ ಅಧ್ಯಯನಗಳನ್ನು ಮುಂದೆ ಹಿಡಿಯುತ್ತಾರೆ. ಆದರೆ ಆ ಹೊತ್ತಿಗೆ ಸುನಿಟಿನಿಬ್ ಬಂದು ಆರು ವರ್ಷವಾಗಿತ್ತು. ಕುಸ್ತಿಯ ಕಣದಲ್ಲಿ ನಿವೃತ್ತನಾಗುತ್ತಿದ್ದ ಪೈಲ್ವಾನನನ್ನು ಗೆದ್ದಂತೆ.

ಕೂಡಿಸಿ ಕೆಟ್ಟದ್ದೂ ಉಂಟು. ಬ್ರೇಕು ಬಿಡಿಸುವ ಔಷಧಿಯನ್ನು ಸುನಿಟಿನಿಬ್ಬಿನಂಥ ಮಾತ್ರೆಯೊಂದಿಗೆ ಕೂಡಿಸಿ ನೋಡಿದ ಆರಂಭದ ಪ್ರಯೋಗಗಳಲ್ಲಿ ಯಕೃತ್ತಿಗೆ ಹಾನಿಯಾಗಿ ಆ ಜೋಡಿಗಳನ್ನು ಕೈಬಿಡಬೇಕಾಯಿತು. 2023ರಲ್ಲಿ ಪ್ರಕಟವಾದ 522 ರೋಗಿಗಳ ಪರೀಕ್ಷೆಯೊಂದು ನನ್ನ ಮಟ್ಟಿಗೆ ಅತ್ಯಂತ ಅಚ್ಚುಕಟ್ಟಾದದ್ದು. ಒಮ್ಮೆ ಬ್ರೇಕು ಬಿಡಿಸುವ ಚಿಕಿತ್ಸೆ ಪಡೆದೂ ರೋಗ ಮುಂದುವರಿದವರಿಗೆ, ಕ್ಯಾಬೊಜಾಂಟಿನಿಬ್ ಎಂಬ ಮಾತ್ರೆಯ ಜೊತೆ ಮತ್ತೆ ಅಂಥದ್ದೇ ಇನ್ನೊಂದು ಔಷಧಿ, ಅಟೆಜೊಲಿಜುಮ್ಯಾಬ್, ಕೂಡಿಸಿದರೆ ಉಪಯೋಗವೇ? ಎದುರು ಗುಂಪಿಗೆ ಕ್ಯಾಬೊಜಾಂಟಿನಿಬ್ ಮಾತ್ರ. ರೋಗ ಮತ್ತೆ ಮುಂದುವರಿಯಲು ಎರಡು ಗುಂಪಿನಲ್ಲೂ ಹಿಡಿದದ್ದು ಹತ್ತು ತಿಂಗಳಿಗೆ ಸ್ವಲ್ಪ ಹೆಚ್ಚು. ಕೂಡಿಸಿದ ಗುಂಪಿಗೆ ಹೆಚ್ಚಾಗಿ ಸಿಕ್ಕಿದ್ದು ಅಡ್ಡಪರಿಣಾಮ.

ಬೆಂಗಳೂರಿನಲ್ಲಿ ತಯಾರಾಗುವ ಕೋಶಗಳು

ನಿಮ್ಮಲ್ಲಿ ಪತ್ರಿಕೆ ಓದುವವರು ಕೇಳಬಹುದು: ರೋಗಿಯ ಟಿ ಕೋಶ ತೆಗೆದು ಬದಲಿಸಿ ಮರಳಿ ಕೊಡುವ ಚಿಕಿತ್ಸೆ ನಮ್ಮ ದೇಶದಲ್ಲೇ ಬಂದಿದೆಯಲ್ಲ? ಬಂದಿದೆ. ಅದರ ಹೆಸರು ಕಾರ್-ಟಿ. ಕೋಶವನ್ನು ಬರಿದೇ ಬೆಳೆಸುವುದಲ್ಲ. ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತನ್ನು ಹಿಡಿಯಬಲ್ಲ ಹೊಸ ಗ್ರಾಹಕದ ಜೀನನ್ನು ಅದರೊಳಗೆ ಸೇರಿಸುತ್ತಾರೆ. ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವಿಜ್ಞಾನಿಗಳು ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರ ಜನವರಿಯಲ್ಲಿ ಬಿಡುಗಡೆಯಾಯಿತು. ಕರ್ನಾಟಕದವರು ಹೆಮ್ಮೆಪಡಬೇಕಾದ ಕೆಲಸವೇ.

ಆದರೆ ಈ ಎರಡೂ ಬಿ ಕೋಶಗಳಿಂದ ಹುಟ್ಟುವ ರಕ್ತಸಂಬಂಧಿ ಕ್ಯಾನ್ಸರುಗಳಿಗೆ, ಮೂತ್ರಪಿಂಡದ ಕ್ಯಾನ್ಸರಿಗಲ್ಲ. ಕಾರಣ ಸರಳ. ಬಿ ಕೋಶದ ಮೇಲಿನ ಗುರುತು ಬೇರೆ ಅಂಗಗಳಲ್ಲಿಲ್ಲ. ಆರೋಗ್ಯವಂತ ಬಿ ಕೋಶಗಳೂ ಜೊತೆಗೆ ಸತ್ತರೆ ರೋಗಿ ಹೇಗೋ ಸುಧಾರಿಸಿಕೊಳ್ಳುತ್ತಾನೆ. ಗಟ್ಟಿ ಗಡ್ಡೆಯಲ್ಲಿ ಅಂಥ ಶುದ್ಧ ಗುರುತು ಸಿಗುವುದು ಕಷ್ಟ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ ಮೂತ್ರಪಿಂಡದ ಕ್ಯಾನ್ಸರಿನ ಒಂದು ಗುರುತನ್ನು ಹಿಡಿಯುವ ಟಿ ಕೋಶಗಳನ್ನು ಮೊದಲ ಮೂವರಿಗೆ ಕೊಟ್ಟಾಗ, 2006ರ ವರದಿಯಂತೆ, ಯಕೃತ್ತಿಗೆ ಪೆಟ್ಟಾಯಿತು. ಅದೇ ಗುರುತು ಪಿತ್ತನಾಳದ ಕೋಶಗಳ ಮೇಲೂ ಇತ್ತು! ಮುಂದಿನ ರೋಗಿಗಳಿಗೆ ಮೊದಲು ಒಂದು ಪ್ರತಿಕಾಯ ಕೊಟ್ಟು ಪಿತ್ತನಾಳವನ್ನು ಮುಚ್ಚಿ ಕಾಪಾಡಿದರು. ಯಕೃತ್ತು ಉಳಿಯಿತು, ಗಡ್ಡೆ ಮಾತ್ರ ಕುಗ್ಗಲಿಲ್ಲ. ಇತ್ತೀಚೆಗೆ ಸಿಡಿ70 ಎಂಬ ಗುರುತನ್ನು ಹಿಡಿಯುವ, ಆರೋಗ್ಯವಂತ ದಾನಿಯಿಂದ ಪಡೆದ ಕೋಶಗಳನ್ನು 16 ಜನರಲ್ಲಿ ಪ್ರಯೋಗಿಸಿದರು. ಒಬ್ಬರಲ್ಲಿ ಗಡ್ಡೆಗಳೆಲ್ಲ ಮಾಯವಾಗಿ ಮೂರು ವರ್ಷ ದಾಟಿದರೂ ಮರಳಿರಲಿಲ್ಲ ಎಂದು 2024ರ ವರದಿ ಹೇಳುತ್ತದೆ. ಹದಿನಾರರಲ್ಲಿ ಒಬ್ಬರು. ಬಾಗಿಲು ಮುಚ್ಚಿಲ್ಲ, ಆದರೆ ಇದು ಇನ್ನೂ ಪ್ರಯೋಗಶಾಲೆಯ ಬಾಗಿಲು, ಅಂಗಡಿಯ ಬಾಗಿಲಲ್ಲ.

ಸರಸಂಬಾಕ್ಕೆ ಬರೆದ ಉತ್ತರ

ಕಾರ್ಯಕ್ರಮ ಪ್ರಸಾರವಾಗುವ ಮೊದಲೇ ನಾನು ಆ ಹುಡುಗಿಗೆ ಪತ್ರ ಬರೆದೆ. ಹೊಲ ಮಾರಿ ಎಂದಾಗಲಿ ಮಾರಬೇಡಿ ಎಂದಾಗಲಿ ಬರೆಯಲಿಲ್ಲ. ಆ ಕೇಂದ್ರದವರನ್ನು ಕೇಳಬೇಕಾದ್ದನ್ನು ಬರೆದೆ. ಸುನಿಟಿನಿಬ್ ಮಾತ್ರ ಪಡೆದವರ ಜೊತೆ ಹೋಲಿಸಿ, ಸುನಿಟಿನಿಬ್ ಮತ್ತು ನಿಮ್ಮ ಕೋಶ ಎರಡನ್ನೂ ಪಡೆದವರು ಹೆಚ್ಚು ಕಾಲ ಬದುಕಿದ್ದಾರೆಯೇ? ಬದುಕಿದ್ದರೆ ಅದು ಎಲ್ಲಿ ಪ್ರಕಟವಾಗಿದೆ? ಕೋಶ ಬೆಳೆಯದಿದ್ದವರನ್ನೂ ಎಣಿಸಿದ್ದೀರಾ? ಇದು ಸಿದ್ಧವಾದ ಚಿಕಿತ್ಸೆಯೋ ಪ್ರಯೋಗವೋ? ಸಿದ್ಧವಾದದ್ದಾದರೆ ಕೇಂದ್ರ ಸರ್ಕಾರದ ಔಷಧ ನಿಯಂತ್ರಕರ ಅನುಮತಿ ಪತ್ರ ತೋರಿಸಬೇಕು. ಪ್ರಯೋಗವಾದರೆ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ಅದರ ಸಂಖ್ಯೆ ಇರಬೇಕು. 2009ರಿಂದ ಈ ನೋಂದಣಿ ಕಡ್ಡಾಯ. ಪ್ರಯೋಗದ ಖರ್ಚನ್ನು ಅದರಲ್ಲಿ ಪಾಲ್ಗೊಳ್ಳುವ ರೋಗಿಯ ಮೇಲೆ ಹೊರಿಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಪ್ರಯೋಗವೂ ಹೌದು, ಎರಡು ಎಕರೆಯ ಬೆಲೆಯೂ ಹೌದು ಎಂದರೆ ಎಲ್ಲೋ ತಪ್ಪಿದೆ.

ಬ್ರೇಕು ಬಿಡಿಸುವ ಔಷಧಿಗಳ ವಿಚಾರವನ್ನು ಕಲಬುರಗಿಯ ವೈದ್ಯರೊಡನೆ, ಇಲ್ಲವೇ ಅಲ್ಲಿಯೇ ಇರುವ ಕಿದ್ವಾಯಿ ಸಂಸ್ಥೆಯ ಕೇಂದ್ರದಲ್ಲಿ ಕೇಳಲು ಹೇಳಿದೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಔಷಧಿ ಸೇರುತ್ತದೆ, ಯಾವುದು ಸೇರದು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನೇ ವಿಚಾರಿಸಬೇಕು. ಈ ಔಷಧಿಗಳ ಬೆಲೆಯೂ ಕಡಿಮೆಯೇನಲ್ಲ, ಅದನ್ನು ಮುಚ್ಚಿಡಲಾರೆ. ಬೆಲೆ ತಗ್ಗಿಸುವ ಪ್ರಯತ್ನಗಳು ನಮ್ಮಲ್ಲಿ ನಡೆದಿವೆ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ ಗಂಟಲು ಕ್ಯಾನ್ಸರಿನ 151 ರೋಗಿಗಳಲ್ಲಿ, ಅಗ್ಗದ ಮಾತ್ರೆಗಳ ಜೊತೆ ನಿವೊಲುಮ್ಯಾಬನ್ನು ಮಾಮೂಲಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೂಡಿಸಿ ನೋಡಿದರು. ಎದುರು ಗುಂಪಿಗೆ ಅದೇ ಮಾತ್ರೆಗಳು, ನಿವೊಲುಮ್ಯಾಬ್ ಇಲ್ಲದೆ. 2022ರಲ್ಲಿ ಪ್ರಕಟವಾದಂತೆ, ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 43 ಮತ್ತು 16. ಮೂತ್ರಪಿಂಡದ ಕ್ಯಾನ್ಸರಿಗೆ ಈ ಲೆಕ್ಕವನ್ನು ಹಾಗೆಯೇ ಹಚ್ಚಲಾಗದು, ಅದಕ್ಕೆ ಅದರದೇ ಪರೀಕ್ಷೆ ಬೇಕು. ಆದರೆ ಕೂಡಿಸಿದ್ದು ಗೆದ್ದಿತೋ ಸೋತಿತೋ ಎಂದು ಕಂಡುಹಿಡಿಯುವ ರೀತಿ ಇದು.

ಮೊನ್ನೆ ಎರಡನೆಯ ಪತ್ರ ಬಂದಿದೆ. ಅಪ್ಪನ ಫೋನಿನಿಂದ ಅವಳೇ ಆ ಕೇಂದ್ರಕ್ಕೆ ಕರೆ ಮಾಡಿ ನೋಂದಣಿ ಸಂಖ್ಯೆ ಕೇಳಿದಳಂತೆ. ಮೊದಲು ಮುಂಗಡ ಕಟ್ಟಿ, ಸಂಖ್ಯೆ ಆಮೇಲೆ ಹೇಳುತ್ತೇವೆ ಎಂದರಂತೆ. ಹೊಲ ಸದ್ಯಕ್ಕೆ ಮಾರಿಲ್ಲ. ಕಾಕಾ ಮಾತ್ರೆ ನುಂಗುತ್ತಿದ್ದಾರೆ. ಕಳೆದ ಸ್ಕ್ಯಾನಿಂಗಿನಲ್ಲಿ ಶ್ವಾಸಕೋಶದ ಗಂಟುಗಳು ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಆದರೆ ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತಿದೆ, ಕುಡುಗೋಲು ಹಿಡಿಯಲು ಆಗುತ್ತಿಲ್ಲ, ಮಾತ್ರೆಯನ್ನು ನಾಲ್ಕು ದಿನ ಬಿಡಬಹುದೇ ಎಂದು ಕಾಕಾ ಕೇಳುತ್ತಿದ್ದಾರೆ ಎಂದು ಬರೆದಿದ್ದಾಳೆ. ತಾವಾಗಿ ಬಿಡಬಾರದು, ಮಾತ್ರೆ ಬರೆದ ವೈದ್ಯರಿಗೇ ಕೂಡಲೇ ತೋರಿಸಿ ಎಂದು ಅಂದೇ ಉತ್ತರ ಹಾಕಿದ್ದೇನೆ. ಈ ಮಾತ್ರೆಗಳ ಅಡ್ಡಪರಿಣಾಮಗಳನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಮುಂದಿನ ಕಾರ್ಯಕ್ರಮಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ನಿಮ್ಮ ಪ್ರಶ್ನೆಗಳಿದ್ದರೆ ಅಷ್ಟರೊಳಗೆ ಬರೆದು ಕಳಿಸಿ.